ಸೋಮವಾರದ ಗಸಗಸೆ ಪಾಯಸ

ಗುಂಡ್ಲುಪೇಟೆಯ ನಮ್ಮ ಮನೆಯಿಂದ ಮೈಸೂರಿಗೆ ನೇರ ಬಸ್ಸಿತ್ತು. ಆದರೂ ಕಾಲೇಜಿನ ಎರಡನೆಯ ವರ್ಷ ಪ್ರತಿ ಭಾನುವಾರ ಹರದನಹಳ್ಳಿಯ ಅಜ್ಜಿಯ ಮನೆಗೆ ಹೋಗಿ, ಸೋಮವಾರ ಬೆಳಗ್ಗೆ ಚಾಮರಾಜನಗರದಲ್ಲಿ ರೈಲು ಹತ್ತುತ್ತಿದ್ದೆ. ಅಜ್ಜಿಯ ಮೇಲೆ ಎಂಥ ಪ್ರೀತಿ ಎಂದು ನೆಂಟರೆಲ್ಲ ಮೆಚ್ಚಿಕೊಂಡರು. ನಿಜ ಹೇಳಬೇಕೆಂದರೆ, ಆ ರೈಲಿನಲ್ಲಿ ಅವಳಿರುತ್ತಿದ್ದಳು.

ಅವಳೂ ಮೈಸೂರಿನಲ್ಲೇ ಓದುತ್ತಿದ್ದಳು. ಜೊತೆಗೆ ಅವಳ ದೊಡ್ಡಪ್ಪ. ಸೋಮವಾರದ ಪೂಜೆಗೆಂದು ಅವರು ನಂಜನಗೂಡಿನಲ್ಲಿ ಇಳಿದುಬಿಡುತ್ತಿದ್ದರು. ಅಲ್ಲಿಂದ ಮೈಸೂರಿನವರೆಗೆ ನಮ್ಮ ಮಾತು. ಅಷ್ಟನ್ನೇ ನೆನೆದು ವಾರವಿಡೀ ಹಾಸ್ಟೆಲಿನಲ್ಲಿ ಹೊರಳಾಡುತ್ತಿದ್ದೆ. ತರಗತಿಯಲ್ಲಿ ತೂಕಡಿಸಿ ಬೈಸಿಕೊಳ್ಳುತ್ತಿದ್ದೆ.

ಒಂದು ಸೋಮವಾರ ಇಳಿಯುವಾಗ ಅವಳೆಂದಳು: “ಮನೇಲಿ ಗಂಡು ನೋಡ್ತಾವ್ರೆ. ಬರೋ ಸೋಮವಾರ ನಿಮ್ಮನ್ನ ಒಂದು ಮಾತು ಕೇಳ್ತೀನಿ. ಉತ್ತರ ಇಟ್ಕೊಂಡು ಬನ್ನಿ.”

ಉತ್ತರ ಆ ಕ್ಷಣವೇ ಇತ್ತು. ಅದನ್ನು ಹೊತ್ತುಕೊಂಡು ಏಳು ದಿನ ಕಣ್ಣು ಮುಚ್ಚದೆ ಕಳೆದೆ. ಸೋಮವಾರ ಬೆಳಗ್ಗೆ ಅಜ್ಜಿ ನನ್ನ ಮುಖ ನೋಡಿ ಗಾಬರಿಯಾದಳು.

“ಇದೇನ್ಲಾ ಮಗ, ಕಣ್ಣು ಗುಳಿ ಬಿದ್ದೋಗವೆ! ಓದಿ ಓದಿ ನಿದ್ದೆ ಕೆಡುಸ್ಕಂಡ್ಬುಟ್ಯಾ?”

“ಊಂ ಕಣಜ್ಜಿ, ಓದು ಜಾಸ್ತಿ.”

ಸುಳ್ಳಿಗೆ ಮದ್ದೂ ಸಿಕ್ಕಿತು. ಅವತ್ತು ಶಿವನ ಎಡೆಗೆ ಗಸಗಸೆ ಪಾಯಸ ಮಾಡಿದ್ದಳು. ನಿದ್ದೆ ಬಾರದವರಿಗೆ ನಮ್ಮ ಕಡೆ ಅದೇ ಔಷಧಿ. “ಎಡೆ ಕಣ್ಲಾ, ಬ್ಯಾಡ ಅನ್ಬಾರ್ದು” ಎಂದು ಎರಡು ಲೋಟ ಕುಡಿಸಿದಳು.

ನಂಜನಗೂಡಿನಲ್ಲಿ ದೊಡ್ಡಪ್ಪ ಇಳಿದದ್ದು, ಅವಳು ಎದುರಿಗೆ ಬಂದು ಕೂತು ಸೆರಗು ಸರಿಮಾಡಿಕೊಂಡದ್ದು ನೆನಪಿದೆ. ಅವಳನ್ನು ಕಂಡ ನೆಮ್ಮದಿಯೋ, ಪಾಯಸವೋ. ಎಚ್ಚರವಾದಾಗ ಮೈಸೂರು. ಎದುರಿನ ಸೀಟು ಖಾಲಿ.

ಪಕ್ಕದಲ್ಲಿದ್ದ ವೀಳ್ಯದೆಲೆ ಮಾರುವ ಮುದುಕಿ ಕುಕ್ಕೆ ಎತ್ತುತ್ತ ನಕ್ಕಳು. “ಆ ಕೂಸು ಎಲ್ಡು ಸಲ ಕೆಮ್ತು ಕಣಪ್ಪ. ನೀನು ಗೊರಕೆ! ಏಳುಸ್ಲಾ ಅಂದೆ. ‘ಮಲಗ್ಲಿ ಬುಡಿ, ವಾರದಿಂದ ನಿದ್ದೆ ಇಲ್ದಿರಾದು ನಂಗೊಬ್ಬಳಿಗೇ’ ಅಂದ್ಬುಟ್ಟು ಇಳುದೋಯ್ತು.”

ಓಡಿದೆ. ಜನರ ನಡುವೆ ಅವಳಿರಲಿಲ್ಲ. ಹೆಣ್ಣುಮಕ್ಕಳ ಕಾಲೇಜಿನ ಗೇಟಿನ ಮುಂದೆ ನಿಂತು ಹೇಳಿಕಳಿಸುವ ಧೈರ್ಯ ಆ ಕಾಲದಲ್ಲಿ ನನಗಿರಲಿಲ್ಲ. ಇನ್ನೊಂದು ಸೋಮವಾರವಿದೆ ಎಂದುಕೊಂಡೆ. ಆ ಸೋಮವಾರವೂ, ಅದರ ಮುಂದಿನದೂ ಅವಳು ಬರಲಿಲ್ಲ. ಆಮೇಲೊಂದು ಸೋಮವಾರ ರೈಲಿನಲ್ಲಿ ಅವಳ ದೊಡ್ಡಪ್ಪನವರ ಕೈಯಲ್ಲಿ, ನಂಜನಗೂಡಿನ ದೇವರ ಮುಂದಿಡಲು ತಂದ, ಅರಿಶಿನ ಹಚ್ಚಿದ ಲಗ್ನಪತ್ರಿಕೆ ಕಂಡೆ.

ಮುಂದಿನ ಭಾನುವಾರ ರೈಲಿನ ಆಸೆಯಿಲ್ಲದೆಯೂ ಹರದನಹಳ್ಳಿಗೆ ಹೋದೆ. ಇಷ್ಟು ವಾರ ನಾನು ಮಾತು ತೇಲಿಸಿದ್ದ ಪ್ರಶ್ನೆಯನ್ನು ಅಜ್ಜಿ ಮತ್ತೆ ಕೇಳಿದಳು.

“ಅವತ್ತು ಪಾಯ್ಸ ಕುಡುದ್ಮೇಲೆ ನಿದ್ದೆ ಬಂತಾ ಮಗ?”

“ಬಂತು ಕಣಜ್ಜಿ. ಚೆನ್ನಾಗಿ ಬಂತು.”

ಅಜ್ಜಿ ಹಿಗ್ಗಿಹೋದಳು. ಗಸಗಸೆ ಡಬ್ಬಿ ಇಳಿಸಿ ಮತ್ತೆ ಹುರಿಯಲು ಕೂತಳು.