ನಾಗಮಂಗಲದ ಅಕ್ಕನ ತುಪ್ಪ

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ನಾನು ಬಸ್ಸು ಹತ್ತಿದಾಗ ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕಿರಂಗೂರಿನ ಕಬ್ಬಿನ ಗದ್ದೆ, ಎತ್ತು, ಗಾಡಿ ಎಲ್ಲ ಹಾಲಿನಲ್ಲಿ ಅದ್ದಿಟ್ಟಂತಿದ್ದವು. ಹೊರಟಿದ್ದು ನಾಗಮಂಗಲದ ಅಕ್ಕನ ಮನೆಗೆ. ನನಗೆ ಎಚ್ಐವಿ ಇದೆಯೆಂದು ಗೊತ್ತಾದ ಮೇಲೂ ಮನೆಯವರ ತಟ್ಟೆಯಲ್ಲೇ ಬಡಿಸಿ, ಕೈತುಂಬ ತುಪ್ಪ ಹಾಕುತ್ತಿದ್ದವಳು ಅವಳೊಬ್ಬಳೇ. ಆ ತುಪ್ಪವನ್ನು ಈ ಸಲ ಬೇಡ ಎನ್ನಬೇಕಿತ್ತು. ಹೇಗೆ ಎನ್ನುವುದೇ ದಾರಿಯುದ್ದದ ಚಿಂತೆ.

ಪಾಂಡವಪುರದಲ್ಲಿ ಬಸ್ಸು ಬದಲಿಸಿದೆ. ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಸಿಹಿ ವಾಸನೆ. ಟೀ ಅಂಗಡಿಯ ಸಾಬರು ಎಂದಿನಂತೆ ಬೀಡಿ ಚಾಚಿದರು, ಎಂದಿನಂತೆ ಸೇದಿದೆ. ಅದನ್ನೂ ಡಾಕ್ಟರು ಬಿಡು ಎಂದಿದ್ದರು.

ಜಕ್ಕನಹಳ್ಳಿ ದಾಟಿದ ಮೇಲೆ ಹಸಿರು ತೆಳ್ಳಗಾಯಿತು. ತೆಂಗಿನ ಮರಗಳು, ರಾಗಿ ಕೊಯ್ದ ಹೊಲಗಳು ಅರೆನಿದ್ದೆಯಲ್ಲಿ ತೇಲಿಹೋದವು.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಬಿಸಿ ಮುದ್ದೆ, ಅವರೆಕಾಳಿನ ಸಾರು. ಅಕ್ಕ ತುಪ್ಪದ ಸೌಟು ತಂದಾಗ ತಟ್ಟೆಗೆ ಅಂಗೈ ಅಡ್ಡ ಹಿಡಿದೆ. ಅವಳ ಮುಖ ಚಿಕ್ಕದಾಯಿತು.

"ಯಾಕ್ಲಾ, ನಾನೂ ಬ್ಯಾರೆಯೋರಂಗೆ ಅಸಹ್ಯ ಪಡ್ತೀನಿ ಅನ್ಕಂಡ್ಯಾ?"

"ಅಂಗಲ್ಲ ಕಣಕ್ಕ. ನನ್ ಲಾರಿ ಮಾರಿ ತಿಂತಾ ಇವ್ನಲ್ಲ ನಾನು, ಆ ಹೊಸ ಮಾತ್ರೆಗೆ ರಕ್ತದಾಗೆ ಕೊಲೆಸ್ಟ್ರಾಲು ಏರೈತೆ. ಈ ಕಾಯ್ಲೆ ಇರೋರ್ಗೆ ಎದೆ ತೊಂದ್ರೆ ಬ್ಯಾರೆ ಜಾಸ್ತಿಯಂತೆ. ಇನ್ನತ್ತು ವರ್ಸಕ್ಕೆ ಎದೆ ಕೈಕೊಡಬಾರ್ದು ಅಂದ್ರೆ ಈಗಿಂದ್ಲೇ ತುಪ್ಪ ಕಮ್ಮಿ ಮಾಡು, ದಿನಾ ನಡಿ, ಬೀಡಿ ಬುಡು ಅಂದವ್ರೆ ಡಾಕ್ಟ್ರು."

ಸೌಟು ಅಲ್ಲೇ ನಿಂತಿತು. ಹಿಂದಿನ ವರ್ಷ ಇನ್ನೊಬ್ಬ ಡಾಕ್ಟರು ಮುಂದಿನ ಸುಗ್ಗಿಯವರೆಗೂ ಉಳಿಯುತ್ತಾನೆಂದು ನಂಬಬೇಡಿ ಎಂದಿದ್ದನ್ನು ಕೇಳಿಸಿಕೊಂಡವಳು ಅವಳೇ.

"ಅತ್ತು ವರ್ಸ ಅಂದ್ರಾ?" ಎಂದಳು ಮೆಲ್ಲಗೆ. "ಇನ್ನೊಂದ್ಸಲ ಏಳ್ಲಾ."

ಹತ್ತು ವರ್ಷ ಎಂದು ಮತ್ತೆ ಹೇಳಿದೆ. ಅವಳು ತುಪ್ಪವನ್ನು ಮತ್ತೆ ಗಡಿಗೆಗೆ ಸುರಿದು, ಕಣ್ಣೊರೆಸಿಕೊಂಡು, ಇನ್ನೊಂದು ಸೌಟು ಸಾರು ಹಾಕಿದಳು.

"ನಮ್ ಪುಟ್ಟೀಗೆ ಈಗ ಒಂಬತ್ತು ವರ್ಸ. ಅವ್ಳ ಮದ್ವೇಲಿ ಅಸೆಮಣೆಗೆ ಕರ್ಕಂಡ್ ಬರಾಕೆ ಸ್ವಾದರಮಾವ ನೀನೇ ಬೇಕು ಕಣ್ಲಾ. ಮುದ್ದೆ ಉಣ್ಣು."

ಪ್ರತಿ ಸಲ ತುಪ್ಪದ ಡಬ್ಬಿ ಕಟ್ಟಿಕೊಡುತ್ತಿದ್ದವಳು ಅಂದು ಹುರುಳಿಕಾಳು ಕಟ್ಟಿಕೊಟ್ಟಳು. ಬಸ್ಸು ತಿರುಗುವವರೆಗೂ ನಿಂತೇ ಇದ್ದಳು.

ಪಾಂಡವಪುರದಲ್ಲಿ ಸಂಜೆಯ ಬಿಸಿಲು ಕಬ್ಬಿನ ಲಾರಿಗಳ ಮೇಲೆ ಮಲಗಿತ್ತು. ಸಾಬರು ಬೀಡಿ ಚಾಚಿದರು. ಬೇಡವೆಂದೆ.

"ಯಾಕೆ ಭಾಯ್?"

"ನಮ್ಮುಡುಗಿ ಮದ್ವೆ ಐತೆ."

"ಅಚ್ಛಾ, ಶಾದಿ ಯಾವಾಗ?"

"ಇನ್ನೂ ಅತ್ತು ವರ್ಸ ಐತೆ," ಎಂದೆ.