ಕಳ್ಳಬಿಸಿಲಿನ ಅಂಕಿ

ಶಾಹೀನಾ ಸೋಮವಾರ ಬೆಳಿಗ್ಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಾಯಿಲೆ ಮೂತ್ರಪಿಂಡದ್ದು. ಮೂಡಿಗೆರೆಯ ಜೀಪ್ ಮೆಕ್ಯಾನಿಕ್ ಒಬ್ಬರ ಮಗಳು. ವಿಶ್ವವಿದ್ಯಾಲಯದ ಸೋಲಾರ್ ಸೆಲ್ ಪ್ರಯೋಗಾಲಯದಲ್ಲಿ ನನ್ನ ಜೊತೆ ಪಿಎಚ್‌ಡಿ ಮಾಡುತ್ತಿದ್ದಳು. ಸಂತಾಪ ಸಭೆಯಲ್ಲಿ ಅವಳನ್ನು ಹೊಗಳಿದವರೆಲ್ಲ ಕಳೆದ ವರ್ಷ, 2003ರಲ್ಲಿ, ಅವಳ ಜೊತೆ ಟೀ ಕುಡಿಯುವುದನ್ನೂ ಬಿಟ್ಟಿದ್ದರು.

ಆ ವರ್ಷ ನಾವು ತಯಾರಿಸಿದ ಹೊಸ ಸೆಲ್ಲನ್ನು ಅತ್ತಿಗುಂಡಿಯ ಗುಡ್ಡದ ಮೇಲೆ ಪರೀಕ್ಷಿಸಿದಾಗ ಬಿಸಿಲಿನ ಶೇಕಡಾ ಹದಿನೆಂಟು ಭಾಗ ವಿದ್ಯುತ್ತಾಯಿತು. ಪ್ರೊಫೆಸರ್ ಸಿಹಿ ಹಂಚಿದರು. ಶಾಹೀನಾ ಮಾತ್ರ ಅದು ಕಳ್ಳಬಿಸಿಲಿನ ಅಂಕಿ ಎಂದಳು. ಮೋಡದ ಸಂದಿಯಿಂದ ಬಿಸಿಲು ಹಠಾತ್ತನೆ ಬಿದ್ದಾಗ ಸೆಲ್ಲಿನ ವಿದ್ಯುತ್ ತಕ್ಷಣ ಏರುತ್ತದೆ. ಬಿಸಿಲು ಅಳೆಯುವ ಮೀಟರ್ ನಿಧಾನ, ಅದು ಇನ್ನೂ ನೆರಳನ್ನೇ ತೋರಿಸುತ್ತಿರುತ್ತದೆ; ಹಾಗಾಗಿ ಲೆಕ್ಕದಲ್ಲಿ ಅಂಕಿ ಉಬ್ಬುತ್ತದೆ. ಮೋಡವಿಲ್ಲದ ಬಿಸಿಲಿನಲ್ಲಿ ಅವಳು ಮತ್ತೆ ಅಳೆದಾಗ ಬಂದದ್ದು ಹದಿನೈದು.

“ಮೆಕ್ಯಾನಿಕ್ ಮಗಳು ಮೀಟರ್ ರಿಪೇರಿಗೆ ಹೊರಟ್ಳು,” ಎಂದು ಜೊತೆಗಿದ್ದ ರಾಜೀವ್ ನಕ್ಕ.

“ಹೌದು ಮಾರಾಯ. ನಮ್ಮ ಗ್ಯಾರೇಜಲ್ಲಿ ಕೆಟ್ಟಿದ್ದನ್ನ ಕೆಟ್ಟಿದೆ ಅಂತಾನೇ ಹೇಳೋದು.”

ಅವಳು ಸಾಯುವ ಹಿಂದಿನ ದಿನ, ಭಾನುವಾರ, ಪ್ರೊಫೆಸರ್ ಮೂಸಂಬಿಯನ್ನೂ ಆ ಸೆಲ್ಲಿನ ಬಗ್ಗೆ ನಾವೆಲ್ಲ ಸೇರಿ ಬರೆದ ಪ್ರಬಂಧವನ್ನೂ ಹಿಡಿದು ಆಸ್ಪತ್ರೆಗೆ ಬಂದರು. ಅವಳದೊಂದು ಸಹಿ ಬಾಕಿಯಿತ್ತು.

“ಗುಣ ಆದ್ಮೇಲೆ ಡಿಗ್ರಿ ಬೇಡ್ವೇನಮ್ಮಾ? ಸಹಿ ಹಾಕ್ದೇ ಇದ್ರೆ ನಿನ್ನ ಹೆಸರೇ ತೆಗೆದುಬಿಡ್ತೀನಿ.”

“ಹೆಸರು ಇರ್ಲಿ ಸರ್, ದುಡಿದಿದ್ದೀನಿ.”

ಅವಳು ಅವರ ಜೇಬಿನ ಪೆನ್ನನ್ನೇ ಕೇಳಿ ಪಡೆದು, ಹದಿನೆಂಟನ್ನು ಹೊಡೆದುಹಾಕಿ ಹದಿನೈದು ಎಂದು ಬರೆದಳು. ಅದರ ಪಕ್ಕದಲ್ಲಿ ಸಹಿ ಮಾಡಿದಳು.