ಆಂಟಿಯ ವಿಮಾನದ ಕರಕರ

ಸಿಡ್ನಿಗೆ ಬಂದ ಹೊಸತರಲ್ಲಿ ಕ್ವೇಕರ್ಸ್ ಹಿಲ್‌ನಲ್ಲಿ ಮೈಸೂರಿನ ಡಾಕ್ಟರ್ ದಂಪತಿಯ ಮನೆಯಲ್ಲಿ ಬಾಡಿಗೆಗಿದ್ದೆ. ಇಬ್ಬರಿಗೂ ಹಾರಾಟದ ಹುಚ್ಚು. ರಿಟೈರ್ ಆದಮೇಲೆ ಎರಡು ಸೀಟಿನ ಹಳೆಯ ವಿಮಾನ ಕೊಂಡಿದ್ದರು. ಆಂಟಿ ಹಾರಿಸುವರು; ಅಂಕಲ್ ಪಕ್ಕದಲ್ಲಿ ಕೂತು ರೇಡಿಯೋದಲ್ಲಿ ಏರ್‌ಪೋರ್ಟಿನ ಕಂಟ್ರೋಲ್ ಟವರ್ ಜೊತೆ ಮಾತಾಡುವರು. ವಿಮಾನದ ರೇಡಿಯೋ ರಿಪೇರಿ ನನ್ನ ಕಸುಬೆಂದು ತಿಳಿದ ದಿನ ಅಂಕಲ್ ನನಗೆ ಬೇಡವೆಂದರೂ ಮತ್ತೆ ಪಾಯಸ ಬಡಿಸಿದ್ದರು.

ಆಮೇಲೆ ನಾನು ಮೆಲ್ಬರ್ನ್‌ನ ಟ್ರುಗನಿನಾಕ್ಕೆ ಬಂದೆ. ಅಂಕಲ್ ತೀರಿಕೊಂಡ ಮರುವರ್ಷ ಆಂಟಿ ಫೋನ್ ಮಾಡಿದರು.

“ಪ್ಲೇನ್ ಮಾರ್ಬಿಡ್ತೀನಿ ಕಣೋ. ಕಿವಿ ಹೋಗಿದೆ. ಟವರ್‌ನವರು ಹೇಳೋದು ಒಂದೂ ತಿಳಿಯಲ್ಲ.”

“ಟೆಸ್ಟ್ ಮಾಡಿಸಿದ್ರಾ?”

“ಇಲ್ಲ. ಹೆದರಿಕೆ.”

ಎಷ್ಟೋ ಜನರ ಹೆದರಿಕೆ ಬಿಡಿಸಿದ ಡಾಕ್ಟರ್ ಅವರು. ಆದರೆ ಫೋನಿನಲ್ಲಿ ನನ್ನ ಮಾತು ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತಲ್ಲ! ಆ ವೀಕೆಂಡೇ ಸಿಡ್ನಿಗೆ ಹೋದೆ.

ಏರ್‌ಫೀಲ್ಡಿನಲ್ಲಿ ಆಂಟಿ ವಿಮಾನದ ಎಂಜಿನ್ ಶುರು ಮಾಡಿದರು. ಅವರ ಹೆಡ್‌ಸೆಟ್ ನನ್ನ ಕಿವಿಗೆ ಹಾಕಿಕೊಂಡೆ. ಕಾದ ಎಣ್ಣೆಗೆ ಹಪ್ಪಳ ಬಿಟ್ಟಂಥ ಸದ್ದು. ಅದರಡಿ ಟವರ್‌ನ ದನಿ ಮುಳುಗಿಹೋಗಿತ್ತು.

“ಆಂಟಿ, ನನಗೂ ಏನೂ ಕೇಳಿಸ್ತಿಲ್ಲ!” ಎಂದು ಕೂಗಿದೆ.

ಅವರು ಎಂಜಿನ್ ಆರಿಸಿ ನನ್ನ ಮುಖವನ್ನೇ ನೋಡಿದರು. “ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

ಮುಂಭಾಗದ ಮುಚ್ಚಳ ತೆಗೆದು ತೋರಿಸಿದೆ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಹೋಗುವ ತಂತಿಯ ಮೇಲೆ ಜಡೆಯಂತೆ ಹೆಣೆದ ತಾಮ್ರದ ಹೊದಿಕೆ ಇರುತ್ತದೆ. ಕಿಡಿಯ ಗದ್ದಲ ರೇಡಿಯೋಗೆ ಹೋಗದಂತೆ ಅದು ತಡೆಯಬೇಕು. ಅದರ ತುದಿಯೇ ಹರಿದು ಜೋತಾಡುತ್ತಿತ್ತು.

“ನರದ ಮೇಲಿನ ಪೊರೆ ಇದ್ದಂಗೆ,” ಎಂದರು ಆಂಟಿ, ಟಾರ್ಚ್ ಹಿಡಿದು ಬಗ್ಗಿ.

ಹೊಸ ತಂತಿ ಹಾಕಿ, ಹೊದಿಕೆಯನ್ನು ಬಿಗಿಯಾಗಿ ಕೂರಿಸಿದೆ. ಮರುದಿನ ಬೆಳಿಗ್ಗೆ ಅಂಕಲ್ ಸೀಟಿನಲ್ಲಿ ನಾನು ಕೂತೆ. ಟವರ್ ಕರೆಯಿತು. ಉತ್ತರಿಸಲು ಹೊರಟ ನನ್ನನ್ನು ಆಂಟಿ ಕೈಯೆತ್ತಿ ತಡೆದರು. ಟವರ್‌ನವರು ಹೇಳಿದ್ದನ್ನು ತಾವೇ ತಿರುಗಿ ಹೇಳಿದರು, ಒಂದಕ್ಷರ ತಪ್ಪದೆ.

ವಿಮಾನ ಮೇಲೇರಿತು. ಆಂಟಿ ನಕ್ಕರು. “ಎಷ್ಟೊಂದು ಹೇಳ್ತಾರೋ ಇವರು! ನಿಮ್ಮ ಅಂಕಲ್ ಎಲ್ಲ ಕೇಳಿಸ್ಕೊಂಡು ನಂಗೆ ‘ಹೂಂ, ಹೋಗು’ ಅಂತಷ್ಟೇ ಹೇಳ್ತಿದ್ರು.” ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ವಿಮಾನ ಮಾರಲಿಲ್ಲ. ಚಳಿಗಾಲ ಕಳೆದ ಮೇಲೆ, ದಾರಿಯಲ್ಲಿ ಇಳಿದಿಳಿದು ಇಂಧನ ತುಂಬಿಸಿಕೊಂಡು, ಒಬ್ಬರೇ ಮೆಲ್ಬರ್ನ್‌ವರೆಗೆ ಬಂದರು. ನಾನು ಏನೋ ಹೊಗಳಲು ಹೋದರೆ, “ಅದೆಲ್ಲ ಆಮೇಲೆ. ಮೊದಲು ಕಾಫಿ ಕೊಡ್ಸೋ, ಸೊಂಟ ಹಿಡ್ಕೊಂಡಿದೆ,” ಎಂದರು.